ನೀರಿಗಿಳಿಸಿದ ರೇಷ್ಮೆ

ಮೇಘನಾ, ಹರುಕೊ ಅವರ ಕಿಮೊನೊ ಹಾಳಾದದ್ದು ನಿನ್ನಿಂದಲ್ಲ. ಹಾಳು ಮಾಡಿದವಳು ನಾನು, ನಿನ್ನ ಅಜ್ಜಿ. ಮೂರು ವರ್ಷಗಳಿಂದ ಆ ತಪ್ಪನ್ನು ನಿನ್ನ ಮೇಲೆ ಹೊರಿಸಿ, ದಿನವೂ ಬೆಳಿಗ್ಗೆ ಎಂದಿನಂತೆ ಎದ್ದು, ಸ್ನಾನ ಮಾಡಿ, ದೀಪ ಹಚ್ಚಿದ್ದೇನೆ — ಏನೂ ಆಗಿಲ್ಲವೆಂಬಂತೆ.

ಈ ಡಚ್ಚರ ನಾಡಿನ ಹಾರ್ಲೆಮ್‌ನ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು ನಾನು. ಹಾಸಿಗೆಯ ಮೂಲೆ ಸರಿಯಾಗಿ ಮಡಿಸಿರದಿದ್ದರೆ ಇವತ್ತಿಗೂ ನನಗೆ ನಿದ್ದೆ ಹತ್ತದು. ಪಕ್ಕದ ಮನೆಯ ಹರುಕೊ ಅವರೊಡನೆ ಸ್ನೇಹ ಬೆಳೆದದ್ದೂ ಈ ಮಡಿಸುವ ಹುಚ್ಚಿನಿಂದಲೇ. ಅವರು ಕಿಮೊನೊಗಳನ್ನು ಗೆರೆ ತಪ್ಪದಂತೆ ಮಡಿಸಿ ಕಾಗದದಲ್ಲಿ ಸುತ್ತಿಡುವುದನ್ನು ನೀನೂ ನಾನೂ ಕೂತು ನೋಡುತ್ತಿದ್ದೆವು. ಉಡುವಾಗ ಎಡಗಡೆಯ ಅಂಚು ಮೇಲೆ ಬರಬೇಕು, ಬಲಗಡೆಯದು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ ಮಾತ್ರ ಎಂದು ಅವರು ಡಚ್ಚಿನಲ್ಲಿ ಹೇಳಿದಾಗ, ನೀನು ಬೆಚ್ಚಿ, ಬಲ ಅಂಚು ಮೇಲಿದ್ದ ನಿನ್ನ ಕೋಟಿನ ಗುಂಡಿಗಳನ್ನೇ ನೋಡಿಕೊಂಡಿದ್ದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದರು.

ಜಪಾನಿನವರ ವಸಂತೋತ್ಸವಕ್ಕೆ ಅವರು ನಿನಗೆ ಕೊಟ್ಟದ್ದು ನೇರಳೆ ಬಣ್ಣದ ಕಿಮೊನೊ, ಅವರ ತಾಯಿ ಕೈಯಾರೆ ಹೊಲಿದದ್ದು. ನೀನು ಅದನ್ನು ಉಟ್ಟು ಬಂದ ರೀತಿ! ಒಳಗೆ ಕತ್ತಿನವರೆಗಿನ ಕಪ್ಪು ಸ್ವೆಟರು, ಕಾಲಿಗೆ ಬೂಟು, ಸೊಂಟಕ್ಕೆ ಅವರ ಅಗಲ ಪಟ್ಟಿಯ ಬದಲು ನನ್ನ ಬೆಳ್ಳಿ ಡಾಬು.

"ಏನೇ ಇದು ವೇಷ? ಅವರ ಮರ್ಯಾದೆ ತೆಗೀಬೇಕು ಅಂತಿದೀಯಾ?" ಎಂದೆ.

"ಅಜ್ಜಿ, ಟೋಕಿಯೋಲಿ ಈಗ ಹುಡುಗೀರು ಹೀಗೇ ಹಾಕ್ಕೊಳ್ಳೋದು. ಹರುಕೊ ಆಂಟಿನೇ ಓಕೆ ಅಂದ್ರು, ನಿಮಗ್ಯಾಕೆ ಟೆನ್ಷನ್?"

ಹರುಕೊ ನಿನ್ನ ಸೊಂಟದ ಡಾಬನ್ನು ಮುಟ್ಟಿ ನೋಡುತ್ತ ನನಗೆ ಹೇಳಿದರು: "ಸರಳಾ ಸಾನ್, ನಮ್ಮಮ್ಮ ಇದನ್ನು ಯಾರಾದರೂ ಉಡಲಿ ಅಂತ ಹೊಲಿದದ್ದು. ಪೆಟ್ಟಿಗೆಯಲ್ಲಿ ಮಲಗಿರಲಿ ಅಂತಲ್ಲ." ಆಮೇಲೆ ನನ್ನ ಕಡೆ ತಿರುಗಿ — ಈ ಮಾತು ನಿನಗೆ ಕೇಳಿಸಿರಲಿಲ್ಲ, ನೀನಾಗಲೇ ಸೈಕಲ್ ತೆಗೆಯುತ್ತಿದ್ದೆ — "ಬಂದ ಮೇಲೆ ಕೋಲಿಗೆ ಹಾಕಿ ಗಾಳಿಗೆ ಬಿಡಿ, ಸಾಕು. ನೀರು ಮಾತ್ರ ಬೇಡ," ಎಂದರು.

ಸಂಜೆ ನೀನು ತುಂತುರು ಹನಿಯಲ್ಲಿ ಬಂದೆ. ಕಿಮೊನೊವನ್ನು ನನ್ನ ಕೋಣೆಯಲ್ಲಿ ತೂಗುಹಾಕಿ, ನೀನು ಓದುತ್ತಿದ್ದ ಮಾಸ್ಟ್ರಿಕ್ಟ್‌ನ ಟ್ರೇನು ಹಿಡಿದೆ. ಮರುದಿನ ಸೋಮವಾರ, ನನ್ನ ಒಗೆಯುವ ದಿನ. ಊರೆಲ್ಲ ಸುತ್ತಿ ಬಂದ ಮೈಲಿಗೆ ಬಟ್ಟೆ ದೇವರ ಗೂಡಿನ ಎದುರಿಗೇ ತೂಗಾಡುತ್ತಿತ್ತು. ಉಟ್ಟ ಬಟ್ಟೆಯನ್ನು ಒಗೆಯದೆ ಹಿಂದಿರುಗಿಸುವುದು ಹೇಗೆ? ನನ್ನ ಮದುವೆಯ ಸೀರೆಯನ್ನೂ ಅಂಟುವಾಳದ ನೀರಿನಲ್ಲೇ ಜೋಪಾನ ಮಾಡಿದವಳು ನಾನು. ರೇಷ್ಮೆ ನನಗೆ ಗೊತ್ತಿಲ್ಲವೇ — ಎಂದುಕೊಂಡೆ.

ನೀರಿನಿಂದ ಎತ್ತಿದಾಗ ನೊರೆ ನೇರಳೆಯಾಗಿತ್ತು. ಒಣಗಿದ ಮೇಲೆ ಹೊರಬಟ್ಟೆ ಗೇಣುದ್ದ ಕುಗ್ಗಿ, ಒಳಗಿನ ಅಸ್ತರಿ ಜೋತುಬಿದ್ದಿತ್ತು. ಅಂಥ ರೇಷ್ಮೆಯನ್ನು ಒಗೆಯಲೇಬೇಕಾದರೆ ಹೊಲಿಗೆಗಳನ್ನೆಲ್ಲ ಬಿಚ್ಚಿ, ಪಟ್ಟಿ ಪಟ್ಟಿಯಾಗಿ ಒಗೆದು, ಎಳೆದು ಒಣಗಿಸಿ, ಮತ್ತೆ ಹೊಲಿಯುತ್ತಾರಂತೆ. ಹರುಕೊ ಇದನ್ನು ಎಂದೋ ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ — ಇಲ್ಲ, ಕೇಳಿಸಿಕೊಂಡಿದ್ದೆ.

ಮೈಲಿಗೆಯೊಂದೇ ಕಾರಣವಾಗಿತ್ತೇ? ಆ ಬೂಟು, ಆ ಡಾಬು, ನನ್ನ ಮಾತಿಗೆ ನೀನು ಸೊಪ್ಪು ಹಾಕದಿದ್ದದ್ದು — ಅದೆಲ್ಲವನ್ನೂ ಸೇರಿಸಿ ಉಜ್ಜಿದೆನೇನೋ. ಕೈ ಬೇಕಾದ್ದಕ್ಕಿಂತ ಬಿರುಸಾಗಿತ್ತು ಎಂಬುದಷ್ಟೇ ನೆನಪು.

ಆಮೇಲೆ ನಿನಗೆ ಫೋನು ಮಾಡಿದೆ.

"ಮಳೇಲಿ ನೆನೆಸಿದ್ಯಲ್ಲ, ಬಟ್ಟೆ ಮುದುಡಿ ಹೋಗಿದೆ."

"ನಾಲ್ಕೇ ಹನಿ ಅಜ್ಜಿ... ಅಷ್ಟಕ್ಕೇನಾ?"

"ರೇಷ್ಮೆ ಅಂದ್ರೆ ಏನಂದ್ಕೊಂಡಿದೀಯಾ?"

ಇಷ್ಟೇ ಮಾತು. ಇದರಲ್ಲಿ ಒಂದು ಪದವನ್ನೂ ಹಿಂದಕ್ಕೆ ತೆಗೆದುಕೊಳ್ಳಲು ಮೂರು ವರ್ಷ ಸಾಲಲಿಲ್ಲ.

ಮುಂದಿನ ಶನಿವಾರ ನೀನು ಬಂದೆ. ಹರುಕೊ ಅವರ ಎದುರು ಮಂಡಿಯೂರಿ, ಅವರೇ ಕಲಿಸಿದ ಹಾಗೆ ಹಣೆ ನೆಲಕ್ಕೆ ತಾಗಿಸಿ ಕ್ಷಮೆ ಕೇಳಿದೆ. "ಏಳು ಮಗು, ಬಟ್ಟೆ ತಾನೇ," ಎಂದು ಅವರು ನಿನ್ನನ್ನು ಎಬ್ಬಿಸಿದರು. ಆದರೆ ಆ ಕಿಮೊನೊದ ತೋಳನ್ನು ಕೈಯಿಂದ ಬಿಡಲಿಲ್ಲ. ನಾನು ಪಕ್ಕದಲ್ಲೇ ಚಹಾ ಬಗ್ಗಿಸುತ್ತಿದ್ದೆ. ಒಂದು ಹನಿಯೂ ಚೆಲ್ಲಲಿಲ್ಲ, ನರ್ಸಿನ ಕೈ.

ಅಂದಿನಿಂದ ನೀನು ಅವರ ಮನೆಯ ಮೆಟ್ಟಿಲು ಹತ್ತಿಲ್ಲ. "ಮೇಘನಾ ಬರಲ್ವಾ?" ಎಂದು ಅವರು ಕೇಳಿದಾಗಲೆಲ್ಲ "ಪರೀಕ್ಷೆ" ಎನ್ನುತ್ತಿದ್ದೆ.

ಈಗ ಅವರು ಮನೆ ಖಾಲಿ ಮಾಡಿ ಜಪಾನಿಗೆ, ಮಗಳ ಬಳಿಗೆ ಹೊರಟಿದ್ದಾರೆ. ಉಳಿದ ಕಿಮೊನೊಗಳನ್ನು ನಿನಗೇ ಕೊಡಬೇಕಂತೆ: "ಅವಳು ಅದರಲ್ಲಿ ನಡೆದಾಡುತ್ತಾಳೆ, ಸೈಕಲ್ ಹೊಡೆಯುತ್ತಾಳೆ. ಬಟ್ಟೆಗೆ ಅದೇ ಬೇಕು." ಮೊನ್ನೆ ನಿನಗೆ ಇದನ್ನು ಹೇಳಿದೆ.

"ಬೇಡ ಅಜ್ಜಿ. ನನ್ನ ಕೈಗೆ ಬಂದ್ರೆ ಹಾಳಾಗುತ್ತೆ. ನಿಮಗೇ ಗೊತ್ತಲ್ಲ," ಎಂದೆ ನೀನು.

ನನಗೇ ಗೊತ್ತು. ನನಗೊಬ್ಬಳಿಗೇ ಗೊತ್ತು.

ಅವರನ್ನು ಬೀಳ್ಕೊಡಲು ಶನಿವಾರ ಬರುತ್ತೀಯಲ್ಲ. ಅಷ್ಟರೊಳಗೆ ನೀನು ಇದನ್ನು ಓದಿರುತ್ತೀಯ. ನಿನ್ನೆದುರೇ ಹರುಕೊ ಅವರಿಗೆ ಹೇಳುತ್ತೇನೆ, ಅವರಿಗೆ ಅರ್ಥವಾಗುವ ಡಚ್ಚಿನಲ್ಲಿ, ನೀನು ಹಣೆ ತಾಗಿಸಿದ ಅದೇ ನೆಲದ ಮೇಲೆ ಕೂತು. ಮಂಡಿ ಒಪ್ಪಿದಷ್ಟು ಬಾಗುತ್ತೇನೆ. ಕಿಮೊನೊಗಳನ್ನು ಒಯ್ಯುವುದೋ ಬಿಡುವುದೋ ನಿನಗೆ ಬಿಟ್ಟದ್ದು, ನನ್ನನ್ನು ಕ್ಷಮಿಸುವುದೂ.

ಒಂದೇ ಒಂದು ಮಾತು. ಬಂದ ಕೂಡಲೇ ಬಾಗಿಲಲ್ಲೇ ನನ್ನ ಕಾಲಿಗೆ ನಮಸ್ಕರಿಸುತ್ತೀಯಲ್ಲ, ಅಂದು ಬೇಡ.