ಬಳೆ ಗೀರಿದ ಗಲ್ಲ

ಸಾವಿತ್ರೆವ್ವ ಶಾಲೆಯಿಂದ ಬಂದಾಗ ಕೈಯಲ್ಲಿ ಒಂದು ಬಳೆ ಒಡೆದಿತ್ತು, ಅಂಗೈ ಕೆಂಪಗಿತ್ತು. ತಾಯಿ ಹನಮಂತವ್ವ ಯಾರು ಒಡೆದರೆಂದು ಕೇಳಿದಳು. ಮಗ್ಗಿ ಒಪ್ಪಿಸಿದವರಿಗೆ, ಬರದವರ ಮೂಗು ಹಿಡಿದು ಕಪಾಳಕ್ಕೆ ಹೊಡೆಯಲು ಮಾಸ್ತರು ಹೇಳಿದ್ದರಂತೆ. ನೆರೆಮನೆಯ ಅಂದಪ್ಪನಿಗೆ ಹೊಡೆಯುವಾಗ ಬಳೆ ಒಡೆಯಿತಂತೆ. ಮೆಲ್ಲಗೆ ಹೊಡೆದರೆ ಹೊಡೆದವರಿಗೇ ಮಾಸ್ತರು ಬಾರಿಸಿ ತೋರಿಸುತ್ತಿದ್ದರಂತೆ.

ಸ್ವರಾಜ್ಯ ಬಂದ ಮೇಲೆ ಆ ಓಣಿಯಿಂದ ಶಾಲೆಗೆ ಹೋದ ಮೊದಲ ಹುಡುಗಿ ಅವಳು. ಹನಮಂತವ್ವನಿಗೆ ಹಿಗ್ಗೋ ಹಿಗ್ಗು. ಮಗಳ ಅಂಗೈಗೆ ಬೆಣ್ಣೆ ಸವರಿ, ಬಾಯಿಗೆ ಬೆಲ್ಲ ಹಾಕಿದಳು. ನೀರಿಗೆ ಹೋದಲ್ಲಿ ಬಾವಿಕಟ್ಟೆಯ ಹೆಂಗಸರಿಗೆಲ್ಲ ಹೇಳಿ ನಕ್ಕಳು. "ಆ ಅಂದಪ್ಪಗ ಮಾಸ್ತರು ದನಾ ಅಂತಾರಂತ. ಖರೇನ ಐತಿ ಬಿಡ್ರಿ."

ಸಂಜೆ ಹೆಪ್ಪು ಕೇಳಲು ನೆರೆಮನೆಯ ಹುಚ್ಚವ್ವನಲ್ಲಿಗೆ ಹೋದಳು. ಅಂದಪ್ಪ ಹುಚ್ಚವ್ವನ ಮಗ. ಅವನು ಹುಟ್ಟಿದಾಗ ತಾಯಿ ಜ್ವರ ಬಂದು ಮಲಗಿದ್ದಳು. ಒಂದು ಮೊಲೆ ಮಗಳಿಗೆ, ಇನ್ನೊಂದು ಅವನಿಗೆ ಕೊಟ್ಟು ಉಳಿಸಿದವಳು ಹನಮಂತವ್ವನೇ. ಹುಡುಗ ಎಮ್ಮೆಯ ಪಕ್ಕ ಕುಳಿತಿದ್ದ. ಗಲ್ಲದ ಮೇಲೆ ಬಳೆ ಗೀರಿದ ಗಾಯ, ಅದಕ್ಕೆ ಮೆತ್ತಿದ ಅರಿಷಿಣ. ಅವಳನ್ನು ಕಂಡು ಮುಖ ತಿರುಗಿಸಿದ.

ಹುಚ್ಚವ್ವ ಬೈಯಲಿಲ್ಲ. ಹೆಪ್ಪಿನ ಬಟ್ಟಲು ಕೈಗಿಟ್ಟು, "ನಾಳಿಂದ ಇಂವ ಶಾಲಿಗೆ ಬರೂದಿಲ್ಲ ಹನಮಂತವ್ವಾ. ದನಾ ದನದ ಕೂಡನ ಇರ್ಲಿ," ಎಂದಳು.

ಬಾವಿಕಟ್ಟೆಯ ಮಾತು ತನಗಿಂತ ಮೊದಲೇ ಈ ಮನೆ ಮುಟ್ಟಿತ್ತು. ಹನಮಂತವ್ವ ತಲೆ ತಗ್ಗಿಸಿ ಮನೆಗೆ ಬಂದಳು.

ಮಾಸ್ತರಿಗೆ ಹೇಳಬೇಕು. ಆದರೆ ಯಾವ ಬಾಯಿಂದ? ಮಗಳನ್ನು ಶಾಲೆಗೆ ಹಾಕಿದ ದಿನ ತೆಂಗಿನಕಾಯಿ ಕೊಟ್ಟು, ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೆಯಿರಿ ಎಂದವಳು ತಾನೇ. ಧೈರ್ಯ ಸಾಲದೆ ಮಗಳಿಗೇ ಬುದ್ಧಿ ಹೇಳಿದಳು. "ಮಗ್ಗಿ ಬಂದ್ರೂ ಬರೂದಿಲ್ಲ ಅನ್ನು. ಅವಗ ಹೊಡೀಬ್ಯಾಡ." ಸಾವಿತ್ರೆವ್ವ ಇನ್ನು ಅವನ ಮೈ ಮುಟ್ಟುವುದಿಲ್ಲ ಎಂದು ಹುಚ್ಚವ್ವನಿಗೆ ತಾನೇ ಆಣೆ ಮಾಡಿ, ಬೆಳಿಗ್ಗೆ ಅಂದಪ್ಪನನ್ನೂ ಮಗಳ ಜೊತೆಗೆ ಕಳಿಸಿದಳು.

ಮಧ್ಯಾಹ್ನ ಇಬ್ಬರೂ ಕೂಡಿಯೇ ಬಂದರು. ಈಗ ಮಗಳ ಗಲ್ಲವೂ ಊದಿತ್ತು. ಬೇರೆ ಹುಡುಗನೊಬ್ಬ ಹೊಡೆದಿದ್ದ.

"ಇಕಿಗೂ ದನಾ ಅಂದ್ರು," ಎಂದ ಅಂದಪ್ಪ.

"ಯವ್ವಾ, ನನಗ ಬರ್ತಿತ್ತು," ಎಂದಳು ಮಗಳು.

ಹನಮಂತವ್ವ ಬೆಣ್ಣೆಯ ಗಡಿಗೆಗೆ ಹಾಕಿದ ಕೈ ಹಾಗೇ ಹಿಂದೆ ತೆಗೆದಳು. ತಾನು ಆಡಲು ಹೆದರಿದ ಮಾತಿಗೆ ಮಗಳು ಏಟು ತಿಂದು ಬಂದಿದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಹುಚ್ಚವ್ವನ ಬಾಗಿಲಿಗೆ ಹೋದಳು.

"ನಡಿ ಯಕ್ಕಾ, ಶಾಲಿಗೆ ಹೋಗಿ ಬರೂಣು. ಹೊಡೀರಿ ಅಂದಾಕಿ ನಾನು. ಬ್ಯಾಡ್ರಿ ಅಂತ ನಾನ ಹೇಳತೀನಿ."

ಹುಚ್ಚವ್ವನ ಮುಖ ನೋಡಲು ಮಾತ್ರ ಆಗಲಿಲ್ಲ. ಹೊಸ್ತಿಲನ್ನೇ ನೋಡುತ್ತ ನಿಂತಿದ್ದಳು.