ಕಂಬಿಯ ಹಿಂದಿನ ಟೆಂಪೊ

ಹೋದ ತಿಂಗಳು ನನ್ನ ಕಾರಿನ ಬ್ಯಾಟರಿ ಪದೇ ಪದೇ ಇಳಿಯತೊಡಗಿತು. ಸಿಂದಗಿಗೆ ಹೋದಾಗ ಅಲ್ಲಿಯ ಹಳೆಯ ವೈಂಡಿಂಗ್ ಅಂಗಡಿಯ ಮುಂದೆ ನಿಲ್ಲಿಸಿ ಬಾಗಿಲು ತೆಗೆದೆ, ವಾರ್ನಿಶಿನ ವಾಸನೆ ಮೂಗಿಗೆ ಬಡಿಯಿತು. ತಾಮ್ರದ ತಂತಿ ಸುತ್ತಿದ ಮೇಲೆ ಹಚ್ಚಿ ಬಿಸಿಲಿಗೆ ಒಣಗಿಸುತ್ತಾರಲ್ಲ, ಆ ವಾರ್ನಿಶು. ಬೇರೆಯವರಿಗೆ ಅದರಿಂದ ತಲೆನೋವು ಬರುತ್ತದೆ. ನನಗೆ ಆ ಅಂಗಡಿ ನಡೆಸುತ್ತಿದ್ದ ಡೈನಮೋ ಚಾಚಾ ನೆನಪಾಗುತ್ತಾರೆ, ಅವರ ಬೆನ್ನಿಗೇ ನಮ್ಮವ್ವ…

ಗಾಡಿಗಳಲ್ಲಿ ಬ್ಯಾಟರಿ ತುಂಬಿಸುವ ಡೈನಮೋ ಹೋಗಿ ಆಲ್ಟರ್ನೇಟರ್ ಬಂದು ಆಗಲೇ ಎಷ್ಟೋ ವರ್ಷವಾಗಿತ್ತು. ಚಾಚಾ ಅದನ್ನು ಬಂದವರಿಗೆಲ್ಲ ತಿದ್ದಿ ಹೇಳುತ್ತಿದ್ದರು, ಊರು ಮಾತ್ರ ಅವರನ್ನು ಡೈನಮೋ ಚಾಚಾ ಅನ್ನುವುದನ್ನು ಬಿಡಲಿಲ್ಲ. ಗಿಡ್ಡ ಆಳು, ಬಸ್ ಸ್ಟ್ಯಾಂಡಿಗೆ ಕೇಳಿಸುವಷ್ಟು ದನಿ. ತಮ್ಮ ಕೆಲಸವನ್ನು ತಾವೇ ಹೊಗಳಿಕೊಳ್ಳಲು ಒಂದಿಷ್ಟೂ ಸಂಕೋಚವಿಲ್ಲ. ಗಾಡಿ ಕೆಟ್ಟರೆ ತಪ್ಪು ಡ್ರೈವರನದು, ರಸ್ತೆಯದು, ಬ್ಯಾಟರಿ ಮಾಡಿದವರದು. ಅವರದಂತೂ ಯಾವತ್ತೂ ಅಲ್ಲ. ಈ ಬಡಾಯಿ ನನಗೆ ಸೇರುತ್ತಿರಲಿಲ್ಲ. ಅವ್ವನಿಗೆ ಮಾತ್ರ ಅದನ್ನು ಕೇಳುತ್ತ ಕೂಡುವುದೆಂದರೆ ಖುಷಿ.

ಅವ್ವನಿಗೆ ದಮ್ಮು ಇತ್ತು. ವಯಸ್ಸಿನಲ್ಲಿ ಆಕೆ ಪ್ರತಿ ವರ್ಷ ಉಗಾದಿಗೆ ಮೊದಲು ಶ್ರೀಶೈಲಕ್ಕೆ ನಡೆದುಕೊಂಡು ಹೋಗುತ್ತಿದ್ದಳು. ದಮ್ಮು ಹತ್ತಿದ ಮೇಲೆ ಅದು ನಿಂತಿತು. ಪಾದಯಾತ್ರೆಯವರು ಶ್ರೀಶೈಲದ ಮಲ್ಲಯ್ಯನ ಕಂಬಿಯನ್ನು, ದೇವರೆಂದೇ ಪೂಜಿಸುವ ಆ ಸಿಂಗರಿಸಿದ ಕೋಲನ್ನು, ಹೊತ್ತು ಮನೆ ಮುಂದೆ ಹಾದುಹೋದಾಗೆಲ್ಲ ಹೊಸ್ತಿಲ ಮೇಲೆ ನಿಂತು ಕೈ ಮುಗಿದು, ಅಂದು ಊಟವನ್ನೇ ಬಿಡುತ್ತಿದ್ದಳು. ಎರಡು ಸಾವಿರದ ಆಸುಪಾಸಿನ ಒಂದು ವರ್ಷ ಹಟಕ್ಕೆ ಬಿದ್ದಳು. ಇನ್ನೊಂದು ಸಲ ಹೋಗಿ ಬಂದರೆ ಸಾಕು, ಆಮೇಲೆ ಏನನ್ನೂ ಕೇಳುವುದಿಲ್ಲ ಅಂದಳು. ಬೆಳಗ್ಗೆ ಸಂಜೆ ಔಷಧಿಯನ್ನು ಹಬೆ ಮಾಡಿ ಮೂಗಿಗೆ ಕೊಡುವ ಮಷಿನು ತಪ್ಪದಿದ್ದರೆ ಕರೆದೊಯ್ಯಿರಿ, ತಪ್ಪಿದರೆ ನನ್ನನ್ನು ಕೇಳಬೇಡಿ ಅಂದರು ಡಾಕ್ಟರು. ಮಷಿನಿಗೆ ಕರೆಂಟು ಬೇಕು. ಹಾದಿಯಲ್ಲಿ ಹೊಲ, ಹೊಲ ದಾಟಿದರೆ ಅಡವಿ.

ಅಣ್ಣನ ಹತ್ತಿರ ಇಂಡಿಯಿಂದ ನಿಂಬೆಹಣ್ಣು ಹೇರುವ ಒಂದು ಟೆಂಪೊ ಇತ್ತು. ಅದಕ್ಕೆ ತಗಡಿನ ಛಾವಣಿ ಹಾಕಿಸಿ, ಒಳಗೆ ಮಂಚ, ಸ್ಟವ್, ನೀರಿನ ಡ್ರಮ್ಮು, ಸಣ್ಣದೊಂದು ಫ್ಯಾನು ಕೂಡಿಸಿದೆವು. ಎಷ್ಟು ತೊಳೆದರೂ ನಿಂಬೆಹಣ್ಣಿನ ವಾಸನೆ ಹೋಗಲಿಲ್ಲ, ಅವ್ವನಿಗೆ ಅದೇ ಹಿಡಿಸಿತು. ಮಂಚದ ಕೆಳಗೆ ಎರಡನೆಯ ಬ್ಯಾಟರಿ, ಪಕ್ಕದಲ್ಲಿ ಇನ್ವರ್ಟರ್. ಆ ದೊಡ್ಡ ಬ್ಯಾಟರಿ ತುಂಬಿಸಲು ಟೆಂಪೊದ ಸಣ್ಣ ಆಲ್ಟರ್ನೇಟರ್ ಸಾಲುವುದಿಲ್ಲವೆಂದು ಚಾಚಾ ಗುಜರಿಯಿಂದ ಲಾರಿಯದೊಂದನ್ನು ತಂದು, ನಮ್ಮ ಗಾಡಿಗೆ ಹೊಂದುವಂತೆ ಹೊಸದಾಗಿ ವೈಂಡಿಂಗ್ ಮಾಡಿ ಕೂಡಿಸಿದರು. ಸ್ಟೇರಿಂಗ್ ಪಕ್ಕ ಚಾರ್ಜ್ ತೋರಿಸುವ ಕಾಟಾ ಒಂದನ್ನೂ ಹಚ್ಚಿದರು. ಮುಳ್ಳು ಬಲಕ್ಕಿದ್ದರೆ ಬ್ಯಾಟರಿ ತುಂಬುತ್ತಿದೆ, ಎಡಕ್ಕೆ ಬಂದರೆ ಇಳಿಯುತ್ತಿದೆ. ಅವ್ವನನ್ನು ಮುಂದೆ ಕೂರಿಸಿಕೊಂಡು ದೇವರ ಹಿಪ್ಪರಗಿಯತನಕ ಭರ್ರನೆ ಓಡಿಸಿ ತಂದರು. ಕಾಟಾದ ಮುಳ್ಳು ಬಲಕ್ಕೆ ವಾಲಿ ನಿಂತದ್ದು ನಿಂತೇ ಇತ್ತಂತೆ.

“ಇನ್ನ ಶ್ರೀಶೈಲ ಅಲ್ರೀ ಅವ್ವಾ, ಕಾಶೀಗೆ ಬೇಕಾದ್ರ ಹೋಗ್ರಿ” ಅಂದರು.

ಅಣ್ಣ ಸ್ಟೇರಿಂಗಿಗೆ, ಮಗಳು ನಾನು ಅವ್ವನ ಮಗ್ಗುಲಿಗೆ ಕೂತು ಪಾದಯಾತ್ರೆಯವರ ಜೊತೆ ಹೊರಟೆವು. ಮೊದಲೆರಡು ದಿನ ಅಡ್ಡಿಯಾಗಲಿಲ್ಲ. ಮುದ್ದೇಬಿಹಾಳ ಸಮೀಪಿಸಿದಾಗ ಫ್ಯಾನಿನ ಗಾಳಿ ಕಡಿಮೆಯಾಯಿತು. ಸಂಜೆ ಮಷಿನು ಹಚ್ಚಿದರೆ ಇನ್ವರ್ಟರ್ ಕುಂಯ್ ಅಂದು ಸುಮ್ಮನಾಯಿತು. ಊರಲ್ಲಿ ಕರೆಂಟೂ ಇರಲಿಲ್ಲ. ಅವ್ವ ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತು ಉಸಿರು ಎಳೆಯತೊಡಗಿದಳು. ಆ ಸದ್ದು ಕೇಳುತ್ತ ಏನೂ ಮಾಡಲಾಗದೆ ಕೂತಿದ್ದೆನಲ್ಲ, ಆಗ ಆದ ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ. ಕರೆಂಟು ಬರುವವರೆಗೂ ಆಕೆಯ ಬೆನ್ನು ನೀವುತ್ತಲೇ ಇದ್ದೆ.

ಮರುದಿನ ನಿಂತಲ್ಲೇ ಎಂಜಿನ್ ಜೋರು ಮಾಡಿ ಚಾರ್ಜ್ ಮಾಡಲು ನೋಡಿದೆವು, ಎಂಜಿನ್ ಕಾದು ನೀರು ಕುದಿಯಿತು. ಅವ್ವನನ್ನು ಬಸ್ಸಿನಲ್ಲಿ ವಾಪಸ್ ಕಳಿಸುವುದೇ ಸರಿ ಅಂದ ಅಣ್ಣ. ಅವ್ವ ಅಳಲಿಲ್ಲ. ಟೆಂಪೊದ ಪಕ್ಕೆಯ ಕಡೆ ಮುಖ ಮಾಡಿ ಮಲಗಿದಳು. ನನಗೆ ತಡೆಯಲಾಗದೆ ಎಸ್‌ಟಿಡಿ ಬೂತಿನಿಂದ ಚಾಚಾಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವರೂ ಬಿಡಲಿಲ್ಲ. ನನ್ನ ಕೆಲಸ ಚೊಕ್ಕ ಐತಿ, ನೀವೇ ಏನೋ ಕೆಡಿಸಿರಬೇಕು ಎಂದು ರೇಗಿ ಫೋನ್ ಇಟ್ಟರು. ಆದರೂ ಮರುದಿನ ಬೆಳಗ್ಗೆ, ಕಂಬಿ ತಂಗಿದ್ದ ನಾಲತವಾಡದಲ್ಲಿ ಬಸ್ಸಿನಿಂದ ಇಳಿದವರು ಅವರೇ. ಹೆಗಲಿಗೆ ಪಾನಾ, ಸ್ಕ್ರೂಡ್ರೈವರುಗಳ ಚೀಲ, ಮೂಗಿನ ತುದಿಯಲ್ಲಿ ಸಿಟ್ಟು.

ಟೆಂಪೊವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಒಯ್ದು ಜೋರಾಗಿ ಓಡಿಸಿ ತಂದರು. ಮುಳ್ಳು ಬಲಕ್ಕೇ ನಿಂತಿತ್ತು. ನೋಡಿರಿ, ಹೇಳಿರಲಿಲ್ಲವೇ ಎಂದು ಇಡೀ ನಾಲತವಾಡಕ್ಕೆ ಕೇಳುವಂತೆ ಕೂಗಿದರು. ಅಷ್ಟರಲ್ಲಿ ಕಂಬಿ ಎದ್ದಿತು. ಜನ ನಡೆಯತೊಡಗಿದರು. ಅಣ್ಣ ಮೊದಲ ಗೇರಿನಲ್ಲಿ ಟೆಂಪೊವನ್ನು ಅವರ ಹಿಂದೆ ಬಿಟ್ಟ. ಮುಳ್ಳು ನಿಧಾನಕ್ಕೆ ಎಡಕ್ಕೆ ಬಂದು ಮಲಗಿಬಿಟ್ಟಿತು.

ಚಾಚಾ ಬಾಗಿ ಕಾಟಾದ ಗಾಜನ್ನು ಬೆರಳಿಂದ ತಟ್ಟಿ ನೋಡಿದರು. ಕಂಬಿಯನ್ನು ದಾಟಿ ಯಾರೂ ಮುಂದೆ ಹೋಗುವುದಿಲ್ಲ, ಗಾಡಿಯೂ ಹೋಗುವುದಿಲ್ಲ. ನಡೆಯಲಾಗದಿದ್ದರೂ ಕಂಬಿ ಕಣ್ಣಿಗೆ ಬೀಳುತ್ತಿರಬೇಕೆಂದು ಅವ್ವ ಹಿಂದೆ ಉಳಿಯಲೂ ಬಿಡುತ್ತಿರಲಿಲ್ಲ. ಹೀಗಾಗಿ ದಿನವಿಡೀ ಮನುಷ್ಯರ ನಡಿಗೆಯೇ ನಮ್ಮ ಟೆಂಪೊದ ವೇಗ. ಆ ನಿಧಾನಕ್ಕೆ ಲಾರಿಯ ಆಲ್ಟರ್ನೇಟರ್ ತಿರುಗುತ್ತಿತ್ತೇ ಹೊರತು ಬ್ಯಾಟರಿ ತುಂಬುವಷ್ಟು ತಿರುಗುತ್ತಿರಲಿಲ್ಲ. ಅದನ್ನು ಚಾಚಾ ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಕಂಬಿ ನೋಡಿದ ನಮಗೆ, ಇದನ್ನೂ ಬಾಯಿ ಬಿಟ್ಟು ಹೇಳಬೇಕೆಂದು ಹೊಳೆದಿರಲಿಲ್ಲ.

“ನೀವು ಹಿಂಗ ಹೊಕ್ಕೀರಿ ಅಂತ ನನಗ ಯಾರ ಹೇಳ್ಯಾರ್ರಿ?” ಅಂದರು, ದನಿ ಅರ್ಧಕ್ಕೆ ಇಳಿದಿತ್ತು.

ಕಿಟಕಿಯಿಂದ ಅವ್ವ ಕೇಳಿದಳು: “ನೀನರ ಕೇಳಿದ್ಯೇನೋ ತಮ್ಮಾ?”

ಚಾಚಾ ಅಲ್ಲೇ ರಸ್ತೆ ಬದಿ ಟೆಂಪೊ ನಿಲ್ಲಿಸಿ, ಆಲ್ಟರ್ನೇಟರಿನ ದೊಡ್ಡ ಪುಲ್ಲಿಯನ್ನು, ಬೆಲ್ಟು ತಿರುಗಿಸುವ ಆ ಗಾಲಿಯನ್ನು, ಬಿಚ್ಚಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದರು. ಮಧ್ಯಾಹ್ನಕ್ಕೆ ಲೇತಿನವನ ಹತ್ತಿರ ಕಡೆಸಿದ ಸಣ್ಣ ಪುಲ್ಲಿ ಹಿಡಿದು ಮರಳಿದರು. ಪುಲ್ಲಿ ಸಣ್ಣದಾದರೆ ಎಂಜಿನ್ ಎಷ್ಟೇ ನಿಧಾನವಿದ್ದರೂ ಆಲ್ಟರ್ನೇಟರ್ ಜೋರಾಗಿ ತಿರುಗುತ್ತದೆ. ಅದನ್ನು ಕೂಡಿಸಿ, ಬೆಲ್ಟು ಬಿಗಿದು, ಊಟಕ್ಕೆ ನಿಂತಿದ್ದ ಜನರನ್ನು ಹೋಗಿ ಕೂಡಿಕೊಂಡೆವು. ಕಂಬಿ ಮತ್ತೆ ಎದ್ದಾಗ ಚಾಚಾ ಟೆಂಪೊ ಹತ್ತಲಿಲ್ಲ. ಯಾರೂ ಹೇಳದೆಯೇ ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಡ್ರೈವರ್ ಬಾಗಿಲಿಗೆ ಕೈ ಇಟ್ಟು, ಮುಳ್ಳನ್ನೇ ನೋಡುತ್ತ ಪಕ್ಕದಲ್ಲಿ ನಡೆಯತೊಡಗಿದರು. ಮುಳ್ಳು ನಡುವಿನಿಂದ ಒಂದಿಷ್ಟು ಬಲಕ್ಕೆ ಸರಿದು ನಿಂತಿತು. ಅವರು ಆಗಲೂ ಹತ್ತಲಿಲ್ಲ.

“ಬಿಸಲಾಗ ಕಾಲು ಸುಡ್ತಾವು, ಸಾಕು ಹತ್ತೋ” ಅಂದಳು ಅವ್ವ.

“ನಾ ಓಡಿಸಿ ನೋಡಿದ್ನೆರೀ ಅವ್ವಾ, ನಡದ್ ನೋಡಿರಲಿಲ್ಲ. ಈಗ ನೋಡ್ತೇನಿ” ಅಂದರು.

ಹೊಳೆ ಬರುವವರೆಗೂ ಹಾಗೆಯೇ ನಡೆದರು. ಒಳಗಿನಿಂದ ಅವ್ವ, ಹೊರಗಿನಿಂದ ಅವರು, ಕಿಟಕಿಯಲ್ಲಿ ಏನೋ ಮಾತಾಡುತ್ತ ನಗುತ್ತಿದ್ದರು. ಏನು ಮಾತಾಡಿದರೋ… ಸಂಜೆ ಮಷಿನು ಹಚ್ಚಿ, ಹಬೆ ಬಂದು, ಅವ್ವನ ಉಸಿರು ಹಗುರಾದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸಿಂದಗಿಯ ಹಾದಿ ಹಿಡಿದರು. ಅವ್ವ ಶ್ರೀಶೈಲ ಮುಟ್ಟಿದಳು. ಮಲ್ಲಯ್ಯನಿಗೆ ಹಣೆ ಹಚ್ಚಿ ಬಂದಳು. ಹೇಳಿದಂತೆಯೇ ಆಮೇಲೆ ನಮ್ಮನ್ನು ಏನೂ ಕೇಳಲಿಲ್ಲ, ಕೆಲವೇ ವರ್ಷಕ್ಕೆ ಹೋಗಿಬಿಟ್ಟಳು. ಮಣ್ಣಿಗೆ ಬಂದ ಚಾಚಾ ಜನರ ಹಿಂದೆ, ಎಲ್ಲರಿಗಿಂತ ಸಾವಕಾಶ ನಡೆಯುತ್ತಿದ್ದರು. ಈಗ ಅವರೂ ಇಲ್ಲ. ಟೆಂಪೊ ಯಾವತ್ತೋ ಗುಜರಿಗೆ ಹೋಯಿತು.

ಹೋದ ತಿಂಗಳು ಆ ಅಂಗಡಿಯಲ್ಲಿ ಚಾಚಾನ ಮಗ ಕೂತಿದ್ದ, ಅವನ ಗಡ್ಡವೂ ನರೆತಿದೆ. ನನ್ನ ಗುರುತು ಅವನಿಗೆ ಹತ್ತಲಿಲ್ಲ, ನಾನೂ ಹೇಳಲಿಲ್ಲ. ಅವನ ತಲೆಯ ಮೇಲಿನ ಮೊಳೆಗೆ ಕಬ್ಬಿಣದ ದೊಡ್ಡ ಪುಲ್ಲಿಯೊಂದು ತೂಗುತ್ತಿತ್ತು. ಅದೇನು ಅಂತ ಕೇಳಿದೆ. ಅವನ ಅಬ್ಬಾ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಇದು ನನ್ನ ತಪ್ಪು, ಇಲ್ಲೇ ಇರಲಿ ಅನ್ನುತ್ತಿದ್ದರಂತೆ. ಯಾವ ಗಾಡಿ ಬಂದರೂ ಬಾನೆಟ್ ಎತ್ತುವ ಮೊದಲು ಒಂದು ಮಾತು ಕೇಳಬೇಕೆಂದು ಮಗನಿಗೂ ಹೇಳಿಕೊಟ್ಟಿದ್ದರು. ಅದನ್ನೇ ಅವನು ನನ್ನನ್ನೂ ಕೇಳಿದ.

“ಗಾಡ್ಯಾಗ ಯಾರ್ ಕುಂದರ್ತಾರ್ರಿ? ಜೋರ ಹೊಕ್ಕೀರೋ, ಸಾವಕಾಶ ಹೊಕ್ಕೀರೋ?”

ಆ ಪುಲ್ಲಿಯನ್ನೇ ನೋಡುತ್ತ ನಿಂತೆ.

“ಯಾರೂ ಇಲ್ಲಪ್ಪ, ನಾ ಒಬ್ಬಾಕೀನ” ಅಂದೆ. “ಈಗ ಜೋರ ಹೊಕ್ಕೇನಿ.”

ಅವನು ತಲೆಯಾಡಿಸಿ ಬಾನೆಟ್ ಎತ್ತಿದ.