ಟಾರ್ನೀಟಿನ ಮಾಂಟೆಸ್ಸರಿ ಕೋಣೆಗಳಿಗೆ ಹೋಗಿಬಂದದ್ದು

ಸಿಡ್ನಿಯಿಂದ ಮೆಲ್ಬರ್ನ್‌ಗೆ ವಿಮಾನದಲ್ಲಿ ಒಂದೂವರೆ ಗಂಟೆ, ರೈಲಿನಲ್ಲಿ ಹನ್ನೊಂದು. ನಿವೃತ್ತ ಹೆಡ್‌ಮಾಸ್ತರನಿಗೆ ಶೋಭಿಸುವುದು ರೈಲೇ ಎಂದು ತೀರ್ಮಾನಿಸಿ, ಅವಲಕ್ಕಿ ಡಬ್ಬಿಯೊಂದಿಗೆ ಸೆಂಟ್ರಲ್ ನಿಲ್ದಾಣದಲ್ಲಿ ಹತ್ತಿದೆ. ಗೌಲ್‌ಬರ್ನ್‌ವರೆಗೆ ಮಳೆ, ಆಮೇಲೆ ಕುರಿಗಳು. ಆಲ್ಬರಿ ಬರುವಷ್ಟರಲ್ಲಿ ಕುರಿಗಳ ಬಗ್ಗೆ ನನಗಿದ್ದ ಕುತೂಹಲವೆಲ್ಲ ತೀರಿತ್ತು.

ತಂಗಿಯ ಮಗಳು ಸುಮನಾ ಮೆಲ್ಬರ್ನ್ ಅಂಚಿನ ಬಡಾವಣೆ ಟಾರ್ನೀಟಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಆ ಶಾಲೆಯೊಳಗೆ ಎರಡು ಕೋಣೆ ಮಾತ್ರ ಮಾಂಟೆಸ್ಸರಿ. ಕಟ್ಟಡ, ಸಂಬಳ ಶಿಕ್ಷಣ ಇಲಾಖೆಯದು. ಕಲಿಸುವ ಕ್ರಮ ಇವರದು. ಮನೆ ಅತ್ತೆಯದು, ಅಡುಗೆ ಸೊಸೆಯದು ಎಂಬಂಥ ಸಂಸಾರ. ಈ ಎರಡು ಕೋಣೆಗಳು ಉಳಿಯಬೇಕೋ ಬೇಡವೋ ಎಂದು ಇಲಾಖೆಯ ಪ್ರಾದೇಶಿಕ ಕಚೇರಿ ಶುಕ್ರವಾರ ಹೇಳುವುದಿತ್ತು.

"ಮಾಮ, ನೀವು ಬಂದು ಸುಮ್ನೆ ಕೂತ್ಕೊಳ್ಳಿ ಸಾಕು. ನಮ್ಮ ಮನೆಯವರು ಅಂತ ಒಬ್ರಾದ್ರೂ ಇರ್ಲಿ," ಎಂದಿದ್ದಳು ಸುಮನಾ.

ಶುಕ್ರವಾರ ಬೆಳಿಗ್ಗೆ ಅವಳ ಕೋಣೆಗೆ ಹೋದೆ. ಬೆತ್ತ ಹಿಡಿದು ಶಾಲೆ ನಡೆಸಿದ ನನ್ನನ್ನು ನೋಡಿ ಒಂದು ಮಗುವೂ ಎದ್ದು ನಿಲ್ಲಲಿಲ್ಲ. ಪ್ರತಿಯೊಬ್ಬರೂ ನೆಲದ ಮೇಲೆ ತಮ್ಮದೇ ಪುಟ್ಟ ಚಾಪೆ ಹಾಸಿ ಕೆಲಸದಲ್ಲಿದ್ದರು. ಎಂಟು ವರ್ಷದ ಅನ್ವಿ ಮಣಿಸರಗಳನ್ನು ಜೋಡಿಸಿ ಲೆಕ್ಕ ಮಾಡುತ್ತಿದ್ದಳು. ನನ್ನ ಕಾಲು ಅವಳ ಚಾಪೆಯ ಅಂಚಿಗೆ ತಾಗಿತು.

"ಅಂಕಲ್, ದಟ್ಸ್ ಮೈ ವರ್ಕ್," ಎಂದಳು ತಲೆಯೆತ್ತದೆ.

"ಒಬ್ರ ಚಾಪೆ ಇನ್ನೊಬ್ರು ತುಳಿಯೋ ಹಾಗಿಲ್ಲ ಮಾಮ," ಎಂದಳು ಸುಮನಾ. "ಸುತ್ತು ಹಾಕ್ಕೊಂಡು ಹೋಗ್ಬೇಕು. ಮುಗಿಯೋವರೆಗೂ ಯಾರೂ ಅವ್ರನ್ನ ಎಬ್ಬಿಸೋದಿಲ್ಲ."

ನಾನು ಸುತ್ತು ಹಾಕಿದೆ. ದೇವಸ್ಥಾನದಲ್ಲೂ ಅಷ್ಟು ಶ್ರದ್ಧೆಯ ಪ್ರದಕ್ಷಿಣೆ ಹಾಕಿದವನಲ್ಲ.

ಮಧ್ಯಾಹ್ನದ ಮೇಲೆ ಲೈಬ್ರರಿಯಲ್ಲಿ ಸಭೆ. ಪಕ್ಕದಲ್ಲಿ ಕೂತವನು ಅನ್ವಿಯ ಅಪ್ಪ ಹರೀಶ, ಉಡುಪಿಯವನು, ಫಾರ್ಮಸಿಸ್ಟು.

"ಟೆನ್ಶನ್ ಬೇಡ ಅಂಕಲ್," ಎಂದು ಪಿಸುಗುಟ್ಟಿದ. "ಡಿಪಾರ್ಟ್‌ಮೆಂಟ್‌ಗೆ ಏನು ಬೇಕು? ಎಲ್ಲಾ ಶಾಲೆಗೂ ಅವ್ರು ನಡೆಸೋ ಟೆಸ್ಟಲ್ಲಿ ಸ್ಕೋರು ತಾನೆ? ಪ್ರತಿ ಶನಿವಾರ ನಮ್ಮ ಗ್ಯಾರೇಜಲ್ಲಿ ಎಲ್ಲಾ ಮಕ್ಕಳಿಗೂ ಕೋಚಿಂಗ್ ಕೊಡ್ಸಿದ್ದೀವಿ. ಟೈಮರ್ ಇಟ್ಟು."

"ಸುಮನಾಗೆ ಗೊತ್ತಾ?"

"ಅವ್ರು ಒಪ್ತಾರಾ? ಅದಕ್ಕೇ ಹೇಳಿಲ್ಲ."

ಪರೀಕ್ಷೆಯಿಲ್ಲದ ಕೋಣೆಯನ್ನು ಉಳಿಸಲು ಪರೀಕ್ಷೆಗೆ ಕೋಚಿಂಗ್. ಭೂಗೋಳದ ಯಾವ ಮೂಲೆಗೆ ಹೋದರೂ ನಮ್ಮವರು ನಮ್ಮವರೇ ಎಂದು ಹೆಮ್ಮೆಪಡುವುದೋ ಏನೋ ತಿಳಿಯಲಿಲ್ಲ.

ಇಲಾಖೆಯ ಅಧಿಕಾರಿ ಮೃದು ಮಾತಿನ ಹೆಂಗಸು. ಓದು, ಲೆಕ್ಕ ಎರಡರಲ್ಲೂ ಈ ಮಕ್ಕಳ ಅಂಕ ಬಹಳ ಏರಿದೆ ಎಂದು ಮನಸಾರೆ ಹೊಗಳಿದರು. ಹರೀಶ ನನ್ನ ಮೊಣಕೈ ತಿವಿದ. ಆಮೇಲೆ ಆಕೆ ಅಷ್ಟೇ ಮೃದುವಾಗಿ, ಸಾಮಾನ್ಯ ಪರೀಕ್ಷೆಯನ್ನು ಇಷ್ಟು ಚೆನ್ನಾಗಿ ಬರೆಯುವ ಮಕ್ಕಳಿಗೆ ಪ್ರತ್ಯೇಕ ಕೋಣೆಯ ಅಗತ್ಯ ಕಾಣುವುದಿಲ್ಲ, ಹೊಸ ವರ್ಷದಿಂದ ಸಾಮಾನ್ಯ ತರಗತಿಗೆ ಸೇರಿಸುತ್ತೇವೆ ಎಂದರು.

ಸುಮನಾ ಹರೀಶನತ್ತ ತಿರುಗಿದಳು. "ಈ ಸ್ಕೋರು ಹೇಗೆ ಬಂತು, ಹರೀಶ್?"

"ಸ್ವಲ್ಪ ಪ್ರಾಕ್ಟೀಸ್ ಮಾಡ್ಸಿದ್ವಿ, ಅಷ್ಟೇ."

ಅಷ್ಟರಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು. ಕೋಚಿಂಗ್ ವಿಷಯ ಅಧಿಕಾರಿಗೆ ಹೇಳಿದರೆ ಕೋಣೆಗಳು ಕಲಿಸಿದ್ದೇನು ಎಂಬ ಪ್ರಶ್ನೆ. ಹೇಳದಿದ್ದರೆ ಕೋಣೆಗಳೇಕೆ ಎಂಬ ಪ್ರಶ್ನೆ. ಸಭೆ ಚಹಾ ಬಿಸ್ಕತ್ತಿನೊಂದಿಗೆ ಮುಕ್ತಾಯವಾಯಿತು.

"ಸಿಟ್ಟು ಮಾಡೋಕೂ ಆಗಲ್ಲ ಮಾಮ," ಎಂದಳು ರಾತ್ರಿ ಊಟದ ಹೊತ್ತಿಗೆ. "ನನ್ನ ಕ್ಲಾಸ್ ಉಳೀಲಿ ಅಂತಲೇ ಮಾಡಿದ್ದು." ಸಾರು ಆರಿಹೋಗಿತ್ತು.

ಶನಿವಾರ ನನ್ನನ್ನು ಸ್ಟೇಷನ್ನಿಗೆ ಬಿಡಲು ಹರೀಶನೇ ಬಂದ. ದಾರಿಯಲ್ಲಿ ಗ್ಯಾರೇಜ್ ತೆರೆಯಲೆಂದು ತನ್ನ ಮನೆಮುಂದೆ ಕಾರು ನಿಲ್ಲಿಸಿದ.

"ಕೋಣೆ ಹೋಯ್ತಲ್ಲ, ಇನ್ನೂ ಕೋಚಿಂಗ್ ಯಾಕಪ್ಪಾ?"

"ಈಗ್ಲೇ ಜಾಸ್ತಿ ಬೇಕು ಅಂಕಲ್. ಮುಂದೆ ಜಾಣರನ್ನಷ್ಟೇ ಆರಿಸ್ಕೊಳ್ಳೋ ಸೆಲೆಕ್ಟಿವ್ ಸ್ಕೂಲ್ ಎಂಟ್ರೆನ್ಸ್ ಇದೆಯಲ್ಲ. ಪೇರೆಂಟ್ಸೆಲ್ಲ ಓಕೆ ಅಂದಿದ್ದಾರೆ."

ಬಾಗಿಲು ಮೇಲೆ ಸರಿಯಿತು. ಒಳಗೆ ಸಾಲಾಗಿ ಕುರ್ಚಿ, ಮೇಜು. ಅನ್ವಿ ಎಲ್ಲರಿಗಿಂತ ಮೊದಲು ಬಂದು ಎರಡು ಸಾಲುಗಳ ನಡುವೆ ತನ್ನ ಚಾಪೆ ಹಾಸತೊಡಗಿದಳು. ಕೋಚಿಂಗಿನ ಮೇಷ್ಟರು ಬಂದು, ಚಾಪೆ ತೆಗೆದಿಡು ಎಂದು ಅವಳಿಗೆ ಕುರ್ಚಿ ತೋರಿಸಿ, ಟೈಮರ್ ಒತ್ತಿದರು. ಅಷ್ಟರಲ್ಲಿ ಬಂದು ಕೂತಿದ್ದ ಉಳಿದ ಮಕ್ಕಳು ಬರೆಯತೊಡಗಿದರು. ಕಾರು ತಿರುವು ತೆಗೆದುಕೊಳ್ಳುವಾಗ ಹಿಂದಿರುಗಿ ನೋಡಿದೆ. ಸುಮನಾ ಕಲಿಸಿದ ಹಾಗೇ, ಅಂಚಿಗೆ ಅಂಚು ಸರಿಯಾಗಿ ಕೂಡಿಸುತ್ತ, ಅನ್ವಿ ಇನ್ನೂ ಚಾಪೆ ಸುತ್ತುತ್ತಿದ್ದಳು.